ಹಳೆಯ ಕನ್ನಡ ಅಚ್ಚುಪುಸ್ತಕಗಳನ್ನು ಸೂಚಿಗೆ ಸೇರಿಸುವ ಬಗೆ

ಕಾಲೇಜು, ಮಠ, ಸಾಹಿತ್ಯ ಸಂಘಗಳ ಗ್ರಂಥಾಲಯಗಳಲ್ಲಿ 'ಹಳೆಯ ಪುಸ್ತಕಗಳು' ಎಂಬ ಚೀಟಿ ಅಂಟಿಸಿದ ಒಂದೆರಡು ಬೀರುಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅವುಗಳೊಳಗೆ ಏನಿದೆ ಎಂಬುದಕ್ಕೆ ಆಧಾರ ಬಂದ ಪುಸ್ತಕಗಳನ್ನು ಬರೆದಿಡುವ ಒಂದು ಆಕ್ಸೆಷನ್ ರಿಜಿಸ್ಟರು ಮಾತ್ರ, ಮತ್ತು ಅದರಲ್ಲಿ 'ರಾಮಾಯಣ, ಹಳೆಯದು' ಎಂಬಂಥ ನಮೂದುಗಳು. ಇಂಥ ಬೀರುವಿನ ಕೆಲಸಕ್ಕೆ ಕೈಹಾಕುವವರಿಗಾಗಿ ಈ ಬರಹ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದ 1817ರಿಂದ ಸುಮಾರು 1920ರವರೆಗಿನ ಪುಸ್ತಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಈಚಿನ ಪುಸ್ತಕವೊಂದನ್ನು ಸೂಚಿಗೆ, ಎಂದರೆ ಗ್ರಂಥಾಲಯದ ಕ್ಯಾಟಲಾಗಿಗೆ, ಸೇರಿಸುವಾಗ ಅದೇ ಪುಸ್ತಕದ ಬೇರೆ ಗ್ರಂಥಾಲಯದ ದಾಖಲೆಯನ್ನು ನಕಲು ಮಾಡಿಕೊಂಡರೆ ಸಾಕಾಗುತ್ತದೆ. ಹಳೆಯ ಪುಸ್ತಕದಲ್ಲಿ ಆ ಸಲಿಗೆ ಇಲ್ಲ. ಒಂದೇ ಶೀರ್ಷಿಕೆ, ಒಂದೇ ವರ್ಷ ಇರುವ ಎರಡು ಪ್ರತಿಗಳಲ್ಲಿ ಒಂದಕ್ಕೆ ತಪ್ಪುಒಪ್ಪುಗಳ ಪಟ್ಟಿ ಸೇರಿರಬಹುದು, ಇನ್ನೊಂದರಲ್ಲಿ ಆ ತಪ್ಪುಗಳನ್ನು ತಿದ್ದಿ ಮತ್ತೆ ಮೊಳೆ ಜೋಡಿಸಿರಬಹುದು. ಆದ್ದರಿಂದ ದಾಖಲೆಯ ಪ್ರತಿಯೊಂದು ಮಾತಿಗೂ ಮೂರು ಮನೆಗಳಲ್ಲಿ ಒಂದನ್ನು ಗೊತ್ತುಮಾಡಬೇಕು: ಪುಸ್ತಕವೇ ಹೇಳುತ್ತಿರುವುದು, ಸೂಚಿಕಾರರು ಬೇರೆ ಆಧಾರದಿಂದ ಹೇಳುತ್ತಿರುವುದು, ಕೈಯಲ್ಲಿರುವ ಈ ಒಂದು ಪ್ರತಿಯಲ್ಲಿ ಮಾತ್ರ ಇರುವುದು. ನಮ್ಮ ಬಹುಪಾಲು ಹಳೆಯ ಕಾರ್ಡುಗಳು ಕೆಟ್ಟಿರುವುದು ಮಾಹಿತಿ ಕಡಿಮೆಯಾಗಿ ಅಲ್ಲ, ಈ ಮೂರೂ ಬೆರೆತುಹೋಗಿ. ಅಪರೂಪದ ಪುಸ್ತಕಗಳಿಗೆಂದೇ ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ 'ಡಿಸಿಆರ್‌ಎಂ(ಬಿ)' ನಿಯಮಾವಳಿಯ ತಿರುಳೂ ಹೆಚ್ಚುಕಡಿಮೆ ಇದೇ. ಆ ನಿಯಮಗಳನ್ನು ಕನ್ನಡದ ಪುಸ್ತಕಕ್ಕೆ ಹೊಂದಿಸುವಾಗ ಎದುರಾಗುವ ಪ್ರಶ್ನೆಗಳು ಮಾತ್ರ ಬೇರೆ.

ಮೊದಲಿಗೆ ಕೈಬಳಕೆಯ ವಿಷಯ. ಮೇಜಿನ ಮೇಲೆ ಪೆನ್ಸಿಲ್ ಬಿಟ್ಟು ಬೇರೆ ಬರೆಯುವ ಸಾಧನ ಇರಕೂಡದು. ಪುಸ್ತಕವನ್ನು ಪೂರ್ತಿ ಅಗಲಿಸದೆ ಎರಡೂ ಬದಿಗೆ ಒತ್ತುಕೊಟ್ಟು ತೆರೆಯಬೇಕು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವ, ಬಿಡಿ ಹಾಳೆಗಳನ್ನು 'ಸರಿಯಾದ' ಜಾಗಕ್ಕೆ ಸೇರಿಸುವ ಉತ್ಸಾಹವನ್ನು ತಡೆದುಕೊಳ್ಳಬೇಕು, ಏಕೆಂದರೆ ಹಾಳೆ ಸಿಕ್ಕ ಜಾಗವೂ ಒಂದು ಮಾಹಿತಿ.

ಶೀರ್ಷಿಕೆ ಪುಟ

ಶೀರ್ಷಿಕೆಯನ್ನು ಹೊದಿಕೆಯಿಂದಾಗಲಿ ಬೆನ್ನಿನ ಮೇಲಿನ ಚೀಟಿಯಿಂದಾಗಲಿ ತೆಗೆದುಕೊಳ್ಳಬಾರದು. ಒಳಗಿನ ಶೀರ್ಷಿಕೆ ಪುಟದಿಂದಲೇ, ಅಲ್ಲಿ ಇದ್ದಂತೆಯೇ ಇಳಿಸಿಕೊಳ್ಳಬೇಕು. 'ಕರ್ನ್ನಾಟಕ', 'ಧರ್ಮ್ಮ', 'ಪೂರ್ವ್ವ' ಎಂದು ಒತ್ತಕ್ಷರ ಸೇರಿಸಿ ಅಚ್ಚಾಗಿದ್ದರೆ ಹಾಗೆಯೇ ಬರೆಯಬೇಕು. ಎಕಾರ, ಒಕಾರಗಳಿಗೆ ದೀರ್ಘದ ಗುರುತು ಇಲ್ಲದಿದ್ದರೆ ನಾವು ಹಾಕಬಾರದು. ೞ, ಱ ಅಕ್ಷರಗಳಿದ್ದರೆ ಅವನ್ನು ಳ, ರ ಮಾಡಬಾರದು. ಯೂನಿಕೋಡ್‌ನಲ್ಲಿ ಎರಡಕ್ಕೂ ಸ್ಥಾನವಿದೆ. ಓದುಗರು ಇಂದಿನ ಕಾಗುಣಿತದಲ್ಲಿ ಹುಡುಕುತ್ತಾರೆಂಬುದು ನಿಜ. ಅದಕ್ಕಾಗಿ ಇಂದಿನ ರೂಪವನ್ನು ಪರ್ಯಾಯ ಶೀರ್ಷಿಕೆಯಾಗಿ ಗಣಕ ದಾಖಲೆಗಳ ಮಾರ್ಕ್ 21 ಮಾದರಿಯ 246ನೆಯ ಕ್ಷೇತ್ರದಲ್ಲಿ (ಆ ಮಾದರಿಯಲ್ಲಿ ಒಂದೊಂದು ಬಗೆಯ ಮಾಹಿತಿಗೂ ಅಂಕಿ ಹಾಕಿದ ಕ್ಷೇತ್ರವಿದೆ) ಕೊಡಬಹುದೇ ಹೊರತು ಮುಖ್ಯ ಶೀರ್ಷಿಕೆಯ 245ರಲ್ಲಿ ಇರುವುದನ್ನು ತಿದ್ದುವುದು ಸಲ್ಲದು. ಸ್ಪಷ್ಟವಾದ ಅಚ್ಚಿನ ತಪ್ಪು ಕಂಡರೆ ತಪ್ಪನ್ನೇ ಬರೆದು, ಪಕ್ಕದಲ್ಲಿ ಚೌಕ ಆವರಣದೊಳಗೆ ಸರಿಯಾದ ರೂಪವನ್ನು ಸೂಚಿಸಬೇಕು. ಚೌಕ ಆವರಣವೆಂದರೆ 'ಇದು ಪುಸ್ತಕದಲ್ಲಿ ಇಲ್ಲ, ನಮ್ಮ ಮಾತು' ಎಂದು ಅರ್ಥ. ಬೇರೆ ಯಾವ ಕೆಲಸಕ್ಕೂ ಅದನ್ನು ಬಳಸಬಾರದು.

ಶೀರ್ಷಿಕೆಯ ನೆತ್ತಿಯಲ್ಲಿ 'ಶ್ರೀಃ', 'ಶ್ರೀ ಗಣಾಧಿಪತಯೇ ನಮಃ', 'ಶ್ರೀ ವೀತರಾಗಾಯ ನಮಃ' ಎಂಬ ಸ್ತುತಿವಾಕ್ಯಗಳು ಇರುವುದುಂಟು. ಇವು ಶೀರ್ಷಿಕೆಯ ಭಾಗವಲ್ಲವೆಂದು, ಬಿಟ್ಟ ಗುರುತನ್ನೂ ಹಾಕದೆ ಬಿಡಬಹುದೆಂದು ನಿಯಮಾವಳಿ ಹೇಳುತ್ತದೆ. ಬಿಡುವುದೇನೋ ಸರಿ, ಆದರೆ ಟಿಪ್ಪಣಿಯಲ್ಲಿ ಅದನ್ನು ಪೂರ್ತಿಯಾಗಿ ಉದ್ಧರಿಸುವುದು ಮೇಲು. ಪ್ರಕಾಶಕರು ಜೈನರೋ ವೀರಶೈವರೋ ವೈಷ್ಣವರೋ ಎಂಬುದಕ್ಕೆ ಎಷ್ಟೋ ವೇಳೆ ಆ ಒಂದು ಸಾಲೇ ಸುಳಿವು.

ಎದುರುಬದುರಾಗಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಶೀರ್ಷಿಕೆ ಪುಟ ಇರುವ ಪುಸ್ತಕಗಳು ಮಿಷನ್ ಪ್ರೆಸ್ಸುಗಳಿಂದಲೂ ಶಿಕ್ಷಣ ಇಲಾಖೆಗಳಿಂದಲೂ ಬಂದಿವೆ. ಪುಸ್ತಕದ ಮೈ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಶೀರ್ಷಿಕೆ ಪುಟವನ್ನು ಮುಖ್ಯವೆಂದು ಹಿಡಿದು, ಇನ್ನೊಂದನ್ನು ಟಿಪ್ಪಣಿಯಲ್ಲಿ ಕೊಡಬೇಕು. ಎರಡನ್ನೂ ಕೊನೆಯ ಸಾಲಿನವರೆಗೆ ಓದುವುದು ಅಗತ್ಯ, ಏಕೆಂದರೆ ಒಂದರಲ್ಲಿ ಇಲ್ಲದ ಆವೃತ್ತಿ ಸಂಖ್ಯೆ, ಪ್ರತಿಗಳ ಸಂಖ್ಯೆ ಇನ್ನೊಂದರಲ್ಲಿ ಇರಬಹುದು.

ವರ್ಷವನ್ನು ಗೊತ್ತುಮಾಡುವುದು

ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಉದಾಹರಣೆಗೆ ಒಂದು ಶೀರ್ಷಿಕೆ ಪುಟದ ಅಡಿಯಲ್ಲಿ 'ಶಾಲಿವಾಹನ ಶಕ 1800ನೆಯ ಬಹುಧಾನ್ಯ ಸಂವತ್ಸರದ ಮಾಘ ಮಾಸ' ಎಂದಷ್ಟೇ ಇದೆಯೆಂದುಕೊಳ್ಳೋಣ. ಶಕವರ್ಷಕ್ಕೆ 78 ಕೂಡಿಸಿ 1878 ಎಂದು ಬರೆದರೆ ತಪ್ಪಾಗುತ್ತದೆ. ಆ ಶಕವರ್ಷ 1878ರ ಯುಗಾದಿಯಿಂದ 1879ರ ಯುಗಾದಿಯ ಹಿಂದಿನ ದಿನದವರೆಗೆ ನಡೆಯಿತು. ಅದರ ಮಾಘಮಾಸ ಬಿದ್ದದ್ದು 1879ರ ಜನವರಿ ಕೊನೆ ಮತ್ತು ಫೆಬ್ರವರಿಯಲ್ಲಿ. ಆದ್ದರಿಂದ ದಾಖಲೆಯಲ್ಲಿ ಪುಸ್ತಕದ ಮಾತನ್ನು ಇದ್ದಂತೆ ಬರೆದು ಆವರಣದಲ್ಲಿ [1879] ಎಂದು ಸೇರಿಸಬೇಕು. ಚೈತ್ರದಿಂದ ಕಾರ್ತಿಕದವರೆಗಿನ ತಿಂಗಳಾದರೆ 78, ಮಾಘ ಫಾಲ್ಗುಣಗಳಾದರೆ 79 ಕೂಡಿಸುವುದು ರೂಢಿ. ಮಾರ್ಗಶಿರ, ಪುಷ್ಯಗಳು ಮಾತ್ರ ಎರಡು ವರ್ಷಗಳ ಗಡಿಯಲ್ಲಿ ಬೀಳಬಹುದಾದ್ದರಿಂದ ತಿಥಿಯನ್ನು ಪಂಚಾಂಗದೊಡನೆ ಹೋಲಿಸಬೇಕಾಗುತ್ತದೆ. ತಿಂಗಳೇ ಇಲ್ಲದಿದ್ದರೆ [1878 ಅಥವಾ 1879] ಎಂದು ಬರೆಯುವುದೇ ಪ್ರಾಮಾಣಿಕ.

ಸಂವತ್ಸರದ ಹೆಸರು ಇರುವುದು ಒಂದು ಅನುಕೂಲ, ಏಕೆಂದರೆ ಅದರಿಂದ ಶಕವರ್ಷವನ್ನು ಪರೀಕ್ಷಿಸಬಹುದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅದು ಅರವತ್ತನೆಯ ಅಕ್ಷಯ. 1800ಕ್ಕೆ 12 ಸೇರಿದರೆ 1812, ಶೇಷ 12, ಹನ್ನೆರಡನೆಯದು ಬಹುಧಾನ್ಯ, ತಾಳೆಯಾಯಿತು. ಅದೇ ಪುಸ್ತಕದಲ್ಲಿ 'ಶಕ 1801, ಬಹುಧಾನ್ಯ' ಎಂದಿದ್ದರೆ ಶೇಷ ಒಂದು ಹೆಚ್ಚಾಗುತ್ತದೆ. ಆಗ ಮುದ್ರಕರು ಕಳೆದ ವರ್ಷಗಳನ್ನಲ್ಲದೆ ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾರೆಂದು ತಿಳಿದು, ಸಂವತ್ಸರವನ್ನೇ ನಂಬಿ, ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಬೇಕು. ಸಂವತ್ಸರ ಮಾತ್ರ ಇದ್ದು ಶಕವರ್ಷ ಇಲ್ಲದಿದ್ದರೆ ಅರವತ್ತು ವರ್ಷಗಳ ಅಂತರದ ಎರಡು ಮೂರು ಸಾಧ್ಯತೆಗಳು ಉಳಿಯುತ್ತವೆ. ಪ್ರಭವ 1807ರಲ್ಲೂ 1867ರಲ್ಲೂ 1927ರಲ್ಲೂ ಬಂದಿದೆ. ಇವುಗಳಲ್ಲಿ ಯಾವುದೆಂಬುದನ್ನು ಕಾಗದ, ಅಕ್ಷರದ ಅಚ್ಚು, ಪ್ರೆಸ್ಸಿನ ಹೆಸರು ಹೇಳಬೇಕು.

ಕನ್ನಡ ಅಂಕಿಗಳು ಸವೆದ ಮೊಳೆಯಲ್ಲಿ ಅಚ್ಚಾಗಿದ್ದರೆ ೬ ಮತ್ತು ೯ ಒಂದೇ ಎಂಬಂತೆ ಕಾಣುತ್ತವೆ. ೧೮೬೯ ಮತ್ತು ೧೮೯೬ ಅದಲುಬದಲಾದರೆ ಇಪ್ಪತ್ತೇಳು ವರ್ಷ ಆಚೀಚೆ. ಅನುಮಾನವಿದ್ದಲ್ಲಿ ಅದೇ ಪುಸ್ತಕದ 69ನೆಯ ಮತ್ತು 96ನೆಯ ಪುಟಸಂಖ್ಯೆಗಳನ್ನು ತೆರೆದು ಭೂತಗನ್ನಡಿಯಲ್ಲಿ ಹೋಲಿಸಿದರೆ ಸಾಮಾನ್ಯವಾಗಿ ಬಗೆಹರಿಯುತ್ತದೆ.

ವರ್ಷವೇ ಇಲ್ಲದ ಪುಸ್ತಕಗಳಲ್ಲಿ ಬೆಲೆ, ವಿಳಾಸಗಳನ್ನು ನೋಡಬೇಕು. ರೂಪಾಯಿ, ಆಣೆ, ಪೈಗಳಲ್ಲಿ ಬೆಲೆಯಿದ್ದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಹಿಂದಿನದು. 'ನಯೇ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್‌ಗಿಂತ ಹಿಂದಿನದಾಗಲಾರದು. ಇಷ್ಟು ಈಚಿನ ಗುರುತುಗಳನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಹಳೆಯ ಶೀರ್ಷಿಕೆ ಪುಟವನ್ನು ಛಾಯಾಪ್ರತಿಯಾಗಿ ಉಳಿಸಿಕೊಂಡು ಮರುಮುದ್ರಣವಾದ ಪುಸ್ತಕಗಳು ಹಳೆಯ ಬೀರುವಿನೊಳಗೆ ಸೇರಿಕೊಂಡಿರುತ್ತವೆ. ಕಿಟ್ಟೆಲ್ಲರ ನಿಘಂಟಿನ ಶೀರ್ಷಿಕೆ ಪುಟದಲ್ಲಿ 1894 ಎಂದು ಕಂಡ ಮಾತ್ರಕ್ಕೆ ಅದು ಮಂಗಳೂರಿನ ಮೊದಲ ಮುದ್ರಣವೆಂದು ಬರೆಯದೆ, ಹಿಂಬದಿಯ ಪುಟ, ಕಾಗದದ ಬಿಳುಪು, ಕೊನೆಯ ಪುಟದ ಮುದ್ರಕರ ಸಾಲು ಎಲ್ಲವನ್ನೂ ನೋಡಬೇಕು.

ಕಲ್ಲಚ್ಚೋ ಮೊಳೆಯಚ್ಚೋ

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ಸು 1841ರಲ್ಲಿ ಆರಂಭವಾದದ್ದು ಕಲ್ಲಚ್ಚಿನಿಂದ, ಎಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚೊತ್ತುವ ವಿಧಾನದಿಂದ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ನಡುಭಾಗದ ಪುಸ್ತಕ ಕೈಗೆ ಬಂದಾಗ ಮುದ್ರಣದ ಬಗೆಯನ್ನು ತಪ್ಪದೆ ಗುರುತಿಸಬೇಕು. ಒಂದೇ ಪುಟದಲ್ಲಿ ಹತ್ತು ಕಡೆ ಬರುವ 'ರು' ಅಕ್ಷರವನ್ನು ಭೂತಗನ್ನಡಿಯಲ್ಲಿ ನೋಡಿರಿ. ಹತ್ತೂ ಸ್ವಲ್ಪ ಸ್ವಲ್ಪ ಬೇರೆಯಾಗಿದ್ದರೆ, ಸಾಲು ಎಲ್ಲೋ ಒಂದೆಡೆ ಕೂದಲೆಳೆಯಷ್ಟು ಬಾಗಿದ್ದರೆ, ಹಾಳೆಯ ಹಿಂಬದಿ ಬೆರಳಿಗೆ ನುಣುಪಾಗಿದ್ದರೆ ಅದು ಕಲ್ಲಚ್ಚು. ಒಂದೇ ಬಗೆಯ ಮುರುಕು ಮತ್ತೆ ಮತ್ತೆ ಕಂಡರೆ, ಅಕ್ಷರದ ಅಂಚಿನಲ್ಲಿ ಮಸಿ ಒತ್ತಿ ದಟ್ಟವಾದ ಗೆರೆ ಕಟ್ಟಿದ್ದರೆ, ಹಿಂಬದಿಯಲ್ಲಿ ಉಬ್ಬು ಸಿಕ್ಕರೆ ಅದು ಲೋಹದ ಬಿಡಿ ಅಕ್ಷರಗಳನ್ನು ಜೋಡಿಸಿ ಒತ್ತಿದ ಮೊಳೆಯಚ್ಚು. ಕಲ್ಲಚ್ಚಿನ ಪುಸ್ತಕವನ್ನು ಕೈಬರಹದ ಪ್ರತಿಯೆಂದು ಹಸ್ತಪ್ರತಿ ವಿಭಾಗಕ್ಕೆ ಕಳಿಸಿಬಿಡುವುದು ಅಪರೂಪವೇನಲ್ಲ.

ಪುಟಗಳ ಲೆಕ್ಕ

ಕೊನೆಯ ಪುಟದ ಅಂಕಿಯನ್ನು ಬರೆದುಕೊಂಡರೆ ಪುಟಗಳ ಲೆಕ್ಕ ಆಗಲಿಲ್ಲ. ಅಂಕಿಯಿಲ್ಲದ ಪುಟಗಳು, ಅರಿಕೆ ಮತ್ತು ಪೀಠಿಕೆಯ ಬೇರೆ ಅಂಕಿಗಳು, ಮೈಯ ಅಂಕಿಗಳು, ಕೊನೆಯಲ್ಲಿರುವ ಶುದ್ಧಾಶುದ್ಧ ಪತ್ರಿಕೆ, ಪ್ರಕಾಶಕರ ಜಾಹೀರಾತು ಎಲ್ಲವೂ ಅನುಕ್ರಮವಾಗಿ ಬರಬೇಕು. '[4], 200 ಪುಟ' ಎಂದರೆ ಅಂಕಿಯಿಲ್ಲದ ನಾಲ್ಕು, ಅಂಕಿಯಿರುವ ಇನ್ನೂರು. ಇದು ಸರಿಯೇ ಎಂದು ತಿಳಿಯಲು ಫಾರಂ, ಎಂದರೆ ಒಟ್ಟಿಗೆ ಅಚ್ಚಾಗಿ ಮಡಿಸಿ ಹೊಲಿದ ಪುಟಗಳ ಕಟ್ಟುಗಳನ್ನು, ಎಣಿಸಬೇಕು. ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾದ ಪುಸ್ತಕದಲ್ಲಿ ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಬೈಂಡರಿಗಾಗಿ ಸಣ್ಣ ಅಂಕಿಯೊಂದು ಇರುತ್ತದೆ: 2ನೆಯ ಫಾರಂ 17ನೆಯ ಪುಟದಲ್ಲಿ, 5ನೆಯದು 65ರಲ್ಲಿ, 13ನೆಯದು 193ರಲ್ಲಿ ತೊಡಗಬೇಕು. ಮೊದಲಿಗೆ ಗುರುತಿಲ್ಲದ 2 ಹಾಳೆ, ಆಮೇಲೆ ಎಂಟೆಂಟು ಹಾಳೆಯ 12 ಫಾರಂ, ಕೊನೆಗೆ 4 ಹಾಳೆಯ ಅರೆಫಾರಂ ಇದ್ದರೆ ಒಟ್ಟು 102 ಹಾಳೆ, 204 ಪುಟ. ಮೇಲಿನ ಲೆಕ್ಕಕ್ಕೆ ಸರಿಹೊಂದುತ್ತದೆ. 6ನೆಯ ಫಾರಂ 81ರ ಬದಲು 83ರಲ್ಲಿ ತೊಡಗಿದರೆ ಹಿಂದೆಲ್ಲೋ ಪುಟಸಂಖ್ಯೆ ತಪ್ಪಿದೆ. ಒಂದು ಫಾರಂನೊಳಗೆ ಏಳೇ ಹಾಳೆ ಸಿಕ್ಕರೆ ಈ ಪ್ರತಿಯಲ್ಲಿ ಒಂದು ಹಾಳೆ ಹೋಗಿದೆ. ಮೊದಲನೆಯದು ಇಡೀ ಮುದ್ರಣದ ಗುಣ, ಎರಡನೆಯದು ಈ ಪ್ರತಿಯ ದೋಷ. ಅವನ್ನು ಬರೆಯುವ ಜಾಗಗಳೂ ಬೇರೆ ಬೇರೆ.

ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಮುಂದಿನ ಪೂರ್ಣಾಂಕಕ್ಕೆ ಏರಿಸಿ ಬರೆಯುವುದು ವಾಡಿಕೆ. ಬೈಂಡರು ಅಂಚು ಕತ್ತರಿಸಿದ್ದರೆ ಅದನ್ನೂ ಹೇಳಬೇಕು.

ಬಿಡಿ ಸಂಚಿಕೆಗಳು, ಒಟ್ಟು ಬೈಂಡುಗಳು

ಮೈಸೂರಿನಿಂದ 1890ರ ದಶಕದಲ್ಲಿ ಹೊರಟ 'ಕರ್ಣಾಟಕ ಕಾವ್ಯಮಂಜರಿ'ಯಂಥ ಪತ್ರಿಕೆಗಳು ಹಳೆಯ ಕಾವ್ಯಗಳನ್ನು ಕಂತುಕಂತಾಗಿ ಅಚ್ಚುಹಾಕಿದವು. ಇಂಥ ಕಂತುಗಳನ್ನು ಕಾವ್ಯವಾರು ವಿಂಗಡಿಸಿ, ಬಣ್ಣದ ಹೊದಿಕೆಗಳನ್ನು ಕಿತ್ತುಹಾಕಿ, ಬೈಂಡು ಮಾಡಿಸಿಟ್ಟುಕೊಂಡ ಓದುಗರುಂಟು. ಹಾಗೆ ಕಟ್ಟಿದ ಸಂಪುಟವನ್ನು ಸ್ವತಂತ್ರ ಪುಸ್ತಕವೆಂದು ದಾಖಲಿಸಿದರೆ ಎಂದೂ ಇಲ್ಲದ ಒಂದು ಆವೃತ್ತಿಯನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಹೊದಿಕೆ ಒಂದಾದರೂ ಉಳಿದಿದ್ದರೆ ಅದರಲ್ಲಿ ಸಂಪುಟ, ಸಂಚಿಕೆ, ತಿಂಗಳು ಸಿಗುತ್ತವೆ. ಉಳಿಯದಿದ್ದರೂ ಫಾರಂ ಅಂಕಿಯ ಪಕ್ಕದಲ್ಲಿ ಪತ್ರಿಕೆಯ ಹೆಸರಿನ ಮೊದಲಕ್ಷರಗಳಿವೆಯೇ, ಪುಟಸಂಖ್ಯೆ ನಡುವಿನಿಂದ ತೊಡಗುತ್ತದೆಯೇ ಎಂದು ನೋಡಬೇಕು. ಖಚಿತವಾದರೆ ಕಾವ್ಯಕ್ಕೆ ದಾಖಲೆ ಮಾಡಿ, ಮೂಲಪತ್ರಿಕೆಗೆ ಕೊಂಡಿ ಕೊಡುವುದು ಓದುಗರಿಗೂ ಹಿತ.

ಐದಾರು ಕಿರುಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಹೊಲಿದಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ದಾಖಲೆ ಬೇಕು. ಅವು ಯಾವ ಕ್ರಮದಲ್ಲಿ ಕೂಡಿವೆ ಎಂಬುದನ್ನು 501ನೆಯ ಕ್ಷೇತ್ರದಲ್ಲಿ ಹೇಳಬೇಕು. ರಿಜಿಸ್ಟರಿನಲ್ಲಿ ಮೊದಲ ಪುಸ್ತಕದ ಹೆಸರು ಮಾತ್ರ ಇರುವುದರಿಂದ, ಉಳಿದವು ಇವೆಯೆಂಬುದೇ ಗ್ರಂಥಾಲಯಕ್ಕೆ ಗೊತ್ತಿರುವುದಿಲ್ಲ. ಶತಕಗಳು, ಯಕ್ಷಗಾನ ಪ್ರಸಂಗಗಳು, ಹಾಡಿನ ಪುಸ್ತಕಗಳು ಹೆಚ್ಚಾಗಿ ಅಡಗಿರುವುದು ಹೀಗೆಯೇ.

ಹೆಸರು ಮತ್ತು ಭಾಷೆ

ಶೀರ್ಷಿಕೆ ಪುಟದಲ್ಲಿ ಕಂಡ ಹೆಸರನ್ನು ಅಲ್ಲಿ ಇದ್ದಂತೆ ಬರೆಯುವುದು ಒಂದು ಕೆಲಸ. ಅದೇ ವ್ಯಕ್ತಿಯ ಎಲ್ಲ ಪುಸ್ತಕಗಳೂ ಒಂದೆಡೆ ಸಿಗುವಂತೆ ಒಂದು ನಿಯತ ರೂಪವನ್ನು ಗೊತ್ತುಮಾಡುವುದು ಇನ್ನೊಂದು. ಊರು, ತಂದೆಯ ಹೆಸರಿನ ಮೊದಲಕ್ಷರ ಹಚ್ಚಿಕೊಂಡವರನ್ನು 'ಶ್ರೀಕಂಠಯ್ಯ, ಬಿ. ಎಂ.' ಎಂದು ಅಂಕಿತನಾಮದಡಿ, ಅಡ್ಡಹೆಸರುಳ್ಳವರನ್ನು 'ಹಳಕಟ್ಟಿ, ಫ. ಗು.' ಎಂದು ಅಡ್ಡಹೆಸರಿನಡಿ ತರುವುದು ಕನ್ನಡಕ್ಕೆ ಸಹಜ. ಮುದ್ದಣನ ವಿಷಯ ಇನ್ನಷ್ಟು ಸೂಕ್ಷ್ಮ. ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ತನ್ನ ರಚನೆಗಳನ್ನು ಹಳೆಯ ಕವಿಯವೆಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದ್ದರಿಂದ, ಅಚ್ಚಾದ ಪುಟವನ್ನಷ್ಟೇ ನಂಬಿದರೆ ಕರ್ತೃವಿನ ಕಾಲವೇ ತಪ್ಪಾಗುತ್ತದೆ. ಅಲ್ಲಿ ಶೀರ್ಷಿಕೆ ಪುಟದ ಮಾತನ್ನು ತಿದ್ದದೆ ಇಳಿಸಿಕೊಂಡು, ಕರ್ತೃವಿನ ನಿಯತ ರೂಪದಲ್ಲಿ ಮಾತ್ರ ನಮಗೆ ತಿಳಿದುದನ್ನು ಸೇರಿಸಬೇಕು.

ಕನ್ನಡ ಲಿಪಿಯಲ್ಲಿದ್ದುದೆಲ್ಲ ಕನ್ನಡ ಪುಸ್ತಕವಲ್ಲ. 1847ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಹೊಸ ಒಡಂಬಡಿಕೆ ತುಳು ಭಾಷೆಯದು; ಕೊಂಕಣಿ, ಕೊಡವ, ಬಡಗ, ಸಂಸ್ಕೃತ ಪುಸ್ತಕಗಳೂ ಇದೇ ಲಿಪಿಯಲ್ಲಿ ಬಂದಿವೆ. ಮಾರ್ಕ್ 21ರ ಭಾಷಾಪಟ್ಟಿಯಲ್ಲಿ ತುಳುವಿಗೆ ಪ್ರತ್ಯೇಕ ಸಂಕೇತವಿಲ್ಲ. ಉಳಿದ ದ್ರಾವಿಡ ಭಾಷೆಗಳೊಡನೆ 'ಡಿಆರ್‌ಎ' ಎಂಬ ಗುಂಪಿನಲ್ಲಿ ಅದು ಕರಗಿಹೋಗುತ್ತದೆ. ಆದುದರಿಂದ 041ನೆಯ ಕ್ಷೇತ್ರದಲ್ಲಿ ಭಾಷಾಸಂಕೇತಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಎಸ್‌ಒ 639-3ರ 'ಟಿಸಿವೈ' ಸಂಕೇತವನ್ನು ಕೊಟ್ಟು, 546ರಲ್ಲಿ 'ತುಳು ಭಾಷೆ, ಕನ್ನಡ ಲಿಪಿ' ಎಂದು ಬಿಡಿಸಿ ಬರೆಯಬೇಕು. ಇದನ್ನು ಬಿಟ್ಟರೆ ತುಳು ಪುಸ್ತಕಗಳನ್ನು ಹುಡುಕುವವರಿಗೆ ನಮ್ಮ ಸಂಗ್ರಹ ಇದ್ದೂ ಇಲ್ಲದಂತೆ.

ಬೇರೆ ಸೂಚಿಗಳೊಡನೆ ತಾಳೆ

ದಾಖಲೆಯ ಕರಡು ಮುಗಿದ ಮೇಲೆಯೇ ಬೇರೆ ಸೂಚಿಗಳನ್ನು ತೆರೆಯುವುದು ಒಳ್ಳೆಯದು. ಮೊದಲೇ ನೋಡಿದರೆ ಕಣ್ಣು ಅವರು ಕಂಡದ್ದನ್ನೇ ಕಾಣುತ್ತದೆ. ಎಲ್. ಡಿ. ಬಾರ್ನೆಟ್ 1910ರಲ್ಲಿ ಸಿದ್ಧಪಡಿಸಿದ ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡಗು ಪುಸ್ತಕಗಳ ಸೂಚಿ ಇಂದಿಗೂ ಮೊದಲ ಆಸರೆ. ಅದಕ್ಕಿಂತ ವಿವರವಾದವು 1867ರ 25ನೆಯ ಕಾಯಿದೆಯ ಪ್ರಕಾರ ಪ್ರಾಂತ್ಯ ಸರಕಾರಗಳು ಮೂರು ತಿಂಗಳಿಗೊಮ್ಮೆ ಪ್ರಕಟಿಸಿದ ಪಟ್ಟಿಗಳು. ಶೀರ್ಷಿಕೆ, ಭಾಷೆ, ಕರ್ತೃ, ಮುದ್ರಕ, ಹೊರಬಂದ ದಿನ, ಪುಟಸಂಖ್ಯೆ, ಆಕಾರ, ಆವೃತ್ತಿ, ಪ್ರತಿಗಳ ಸಂಖ್ಯೆ, ಬೆಲೆಗಳ ಜೊತೆಗೆ ಮೊಳೆಯಚ್ಚೋ ಕಲ್ಲಚ್ಚೋ ಎಂಬುದನ್ನೂ ಬರೆಯಬೇಕೆಂದು ಆ ಕಾಯಿದೆ ವಿಧಿಸಿತ್ತು. ಮಂಗಳೂರು, ಬಳ್ಳಾರಿಯ ಪುಸ್ತಕಗಳಿಗೆ ಮದರಾಸಿನ ಪಟ್ಟಿಯನ್ನೂ ಧಾರವಾಡ, ಬೆಳಗಾವಿ, ಕಾರವಾರದವುಗಳಿಗೆ ಮುಂಬಯಿಯ ಪಟ್ಟಿಯನ್ನೂ ನೋಡಬೇಕು. ಬಾಸೆಲ್ ಮಿಷನ್ನಿನ ಪುಸ್ತಕಗಳಾದರೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದ ಗುಂಡರ್ಟ್ ಜಾಲತಾಣದಲ್ಲಿ ಪುಟಪುಟವಾಗಿ ಹೋಲಿಸಬಹುದು. ಅಲ್ಲಿ ಕಾಣುವುದು ಟ್ಯೂಬಿಂಗೆನ್ನಿನ ಪ್ರತಿ. ಅದರಲ್ಲಿ ಇಲ್ಲದ ಹಾಳೆ ನಮ್ಮಲ್ಲಿ ಇದ್ದರೆ ಅದೇ ದೊಡ್ಡ ಸುದ್ದಿ. ನೋಡಿದ ಸೂಚಿಯ ಹೆಸರು, ಪುಟ ಅಥವಾ ಅಂಕಣವನ್ನು 510ರಲ್ಲಿ ನಮೂದಿಸಬೇಕು. ಹುಡುಕಿಯೂ ಸಿಗದಿದ್ದರೆ 'ಬಾರ್ನೆಟ್‌ನಲ್ಲಿ ಇಲ್ಲ' ಎಂಬ ಮಾತಿಗೂ ಬೆಲೆಯಿದೆ.

ಈ ಪ್ರತಿಯ ಗುರುತುಗಳು

ಮುದ್ರೆಗಳು, ಸಹಿಗಳು, ಬಹುಮಾನದ ಚೀಟಿಗಳು, ಅಂಚಿನ ಬರಹಗಳು, ನಡುವೆ ಸಿಕ್ಕ ಪತ್ರಗಳು 561ನೆಯ ಕ್ಷೇತ್ರಕ್ಕೂ ಬೈಂಡಿನ ವಿವರ 563ಕ್ಕೂ ಸೇರಬೇಕು; ಎರಡರ ಕೊನೆಯಲ್ಲೂ ನಮ್ಮ ಸಂಸ್ಥೆಯ ಸಂಕೇತ ಇರಬೇಕು. 'ಹಳೆಯ ಮುದ್ರೆ ಇದೆ' ಎಂದು ಬರೆದರೆ ಪ್ರಯೋಜನವಿಲ್ಲ, ಮುದ್ರೆಯ ಒಕ್ಕಣೆಯನ್ನೇ ಬರೆಯಬೇಕು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಯ ಮುದ್ರೆ, 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಮುದ್ರೆ ಒಂದೇ ಪುಸ್ತಕದಲ್ಲಿ ಕಂಡರೆ ಆ ಪುಸ್ತಕ ಓಡಾಡಿದ ದಾರಿಯೇ ತಿಳಿಯುತ್ತದೆ. ಓದಲಾಗದ ಸಹಿಯನ್ನು ಊಹಿಸಬಾರದು. 'ಮೋಡಿ ಲಿಪಿಯ ಸಹಿ, 2ನೆಯ ಹಾಳೆಯ ಮೇಲ್ತುದಿ' ಎಂದಷ್ಟು ಬರೆದರೂ ಮುಂದೆ ಓದಬಲ್ಲವರು ಬಂದಾಗ ನೆರವಾಗುತ್ತದೆ. ಈಚಿನವರೆಗೂ ಬದುಕಿದ್ದ ಖಾಸಗಿ ವ್ಯಕ್ತಿಗಳ ವಿಳಾಸ, ಮನೆಯ ಲೆಕ್ಕದ ಚೀಟಿಗಳನ್ನು ಸಾರ್ವಜನಿಕ ದಾಖಲೆಯಲ್ಲಿ ಇಳಿಸದಿರುವುದು ಲೇಸು.

ಗಣಕಕ್ಕೆ ಏರಿಸುವಾಗ

ಕೋಹಾದಂಥ ಉಚಿತ ತಂತ್ರಾಂಶವೂ ಕನ್ನಡವನ್ನು ಯೂನಿಕೋಡ್‌ನಲ್ಲಿ ಸರಾಗವಾಗಿ ಹಿಡಿಯುತ್ತದೆ. ರೋಮನ್ ಲಿಪ್ಯಂತರವನ್ನು 245ರಲ್ಲೂ ಕನ್ನಡವನ್ನು 880ರಲ್ಲೂ ಇಡುವ ಪದ್ಧತಿ ಹೊರದೇಶದ ಗ್ರಂಥಾಲಯಗಳ ಅನುಕೂಲಕ್ಕೆ ಬೆಳೆದದ್ದು. ನಮ್ಮ ಗ್ರಂಥಾಲಯದಲ್ಲಿ ಕನ್ನಡವೇ ಮುಖ್ಯ ಕ್ಷೇತ್ರದಲ್ಲಿದ್ದು, ಲಿಪ್ಯಂತರ ಬೇಕಾದರೆ ಅದಕ್ಕೆಂದೇ ಇರುವ ಐಎಸ್‌ಒ 15919 ಮಾನಕದಂತೆ ಎರಡನೆಯದಾಗಿ ಬರಲಿ ಎಂಬುದು ನನ್ನ ಅಭಿಪ್ರಾಯ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಪಟ್ಟಿಗಳಿದ್ದರೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು, ಏಕೆಂದರೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ನಡುವೆ ಉಳಿದರೆ ಪದ ಸರಿಯಾಗಿಯೇ ಕಂಡರೂ ಹುಡುಕಾಟದಲ್ಲಿ ಸಿಗುವುದಿಲ್ಲ. ಪುಸ್ತಕ ಕಪಾಟಿನಲ್ಲಿ ಇರುವ ಜಾಗವನ್ನು ತಿಳಿಸುವ ಕರೆಸಂಖ್ಯೆಯನ್ನು ಆಮ್ಲರಹಿತ ಕಾಗದದ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಪುಸ್ತಕದೊಳಗೆ ಮೇಲಕ್ಕೆ ಚಾಚಿಕೊಂಡಿರುವಂತೆ ಇಡಬೇಕು. ಗ್ರಂಥಾಲಯದ ಹೊಸ ಮುದ್ರೆಯನ್ನು ಶೀರ್ಷಿಕೆ ಪುಟದ ಮೇಲೆ ಒತ್ತಕೂಡದು.